ಷಟರು ತೆರೆದಿದ್ದಷ್ಟು ಹೊತ್ತು

ಲೂಯಿ ಡಾಗೇರ್ 1838ರಲ್ಲಿ ಪ್ಯಾರಿಸ್ಸಿನ ಬೂಲ್ವಾರ್ ದ್ಯು ಟಾಂಪ್ಲ್ ಬೀದಿಯನ್ನು ಎತ್ತರದ ಕಿಟಕಿಯೊಂದರಿಂದ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಸೆರೆಹಿಡಿದರು. ಜನ, ಗಾಡಿ, ಕುದುರೆಗಳಿಂದ ಗಿಜಿಗುಡುತ್ತಿದ್ದ ಬೀದಿ ಅದು. ಚಿತ್ರದಲ್ಲಿ ಮಾತ್ರ ಬಿಕೋ ಎನ್ನುತ್ತದೆ. ತಗಡಿಗೆ ಹಲವು ನಿಮಿಷ ಬೆಳಕು ಬೀಳಬೇಕಿತ್ತು. ಅಷ್ಟರಲ್ಲಿ ನಡೆದುಹೋದವರ ಗುರುತೇ ಉಳಿಯಲಿಲ್ಲ. ಉಳಿದದ್ದು ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತಿದ್ದ ಒಬ್ಬನ ಆಕೃತಿ, ಪಕ್ಕದಲ್ಲಿ ಪಾಲಿಶ್ ಮಾಡುವವನ ಮಸುಕು. ಛಾಯಾಗ್ರಹಣ ಬೆಳಕಿನ ಕಲೆ ಎಂಬ ಮಾತು ರೂಢಿಯಲ್ಲಿದೆ, ಸರಿಯೂ ಹೌದು. ಆದರೆ ಬೆಳಕನ್ನು ಎಷ್ಟು ಹೊತ್ತು ಒಳಗೆ ಬಿಡಬೇಕು ಎಂಬ ನಿರ್ಧಾರದಲ್ಲೇ ಈ ಕಲೆಯ ಜೀವ ಇದೆ ಎಂಬುದು ನನ್ನ ವಾದ.

1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ 12 ಕ್ಯಾಮೆರಾಗಳನ್ನು ಸಾಲಾಗಿಟ್ಟು, ಓಡುವ ಕುದುರೆಯನ್ನು ಸೆಕೆಂಡಿನ ಸಣ್ಣ ಚೂರುಗಳಲ್ಲಿ ಹಿಡಿದರು. ನಾಲ್ಕೂ ಗೊರಸು ನೆಲ ಬಿಡುವ ಗಳಿಗೆಯೊಂದಿದೆ ಎಂಬುದು ಖಚಿತವಾಯಿತು. ಅದೂ ವರ್ಣಚಿತ್ರಗಳಲ್ಲಿದ್ದಂತೆ ಕಾಲು ಚಾಚಿದಾಗಲ್ಲ, ಹೊಟ್ಟೆಯಡಿ ಮಡಚಿಕೊಂಡಾಗ. ಶಿಲ್ಪಿ ರೋಡಿನ್‌ಗೆ ಇಂಥ ಚಿತ್ರಗಳು ಒಪ್ಪಿಗೆಯಾಗಲಿಲ್ಲ. ಬದುಕಿನಲ್ಲಿ ಕಾಲ ನಿಲ್ಲುವುದಿಲ್ಲ. ನಿಲ್ಲಿಸಿ ತೋರಿಸುವ ಫೋಟೊ ಸುಳ್ಳು, ಚಲನೆಯನ್ನು ಕಾಣಿಸುವ ಕಲಾವಿದನದೇ ಸತ್ಯ ಎಂಬುದು ಅವರ ನಿಲುವು. ತೂಕದ ಆಕ್ಷೇಪ ಇದು. ಹೆಪ್ಪುಗಟ್ಟಿದ ಕುದುರೆಯಲ್ಲಿ ಓಟ ಕಾಣದು, ನಿಜ. ಆದರೆ ಫೋಟೊ ಎಂದರೆ ಹೆಪ್ಪುಗಟ್ಟಿದ ಕ್ಷಣವೇ ಆಗಬೇಕೆಂದು ಯಾವ ಕಟ್ಟಳೆಯಿದೆ? ಜಪಾನಿನ ಹಿರೋಷಿ ಸುಗಿಮೊಟೊ 1970ರ ದಶಕದ ಕೊನೆಯಲ್ಲಿ ಚಿತ್ರಮಂದಿರಗಳಿಗೆ ಹೋಗಿ, ಸಿನಿಮಾ ಮುಗಿಯುವವರೆಗೂ ಷಟರು ತೆರೆದಿಟ್ಟು ಫೋಟೊ ತೆಗೆಯತೊಡಗಿದರು. ದೃಶ್ಯಗಳೆಲ್ಲ ಒಂದರ ಮೇಲೊಂದು ಬಿದ್ದು ಪರದೆ ಅಚ್ಚ ಬಿಳಿಯಾಯಿತು. ಕತೆಯಷ್ಟೂ ಕರಗಿ, ಅದರ ಬೆಳಕಿನಲ್ಲಿ ಖಾಲಿ ಕುರ್ಚಿಗಳೂ ಗೋಡೆಯ ಕುಸುರಿಯೂ ಮೂಡಿದವು. ಇಲ್ಲಿ ಕಾಲ ನಿಂತಿಲ್ಲ, ಶೇಖರವಾಗಿದೆ. ರೋಡಿನ್ ಈ ಬಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಈಗ ಮೊಬೈಲೇ ಎಲ್ಲವನ್ನೂ ಮಾಡುವಾಗ ಕಲೆ ಎಲ್ಲಿ ಬಂತು ಎಂದು ಕೇಳುವವರಿದ್ದಾರೆ. ಕತ್ತಲಲ್ಲಿ ಅದು ಹಲವು ಚಿತ್ರಗಳನ್ನು ತೆಗೆದು, ಬೆಸೆದು ಒಂದು ಮಾಡಿಕೊಡುತ್ತದೆ ನಿಜ. ಹಾಗೆಂದು ನಿರ್ಧಾರ ಇಲ್ಲವಾಗಿಲ್ಲ. ನಮ್ಮ ಪರವಾಗಿ ಎಂಜಿನಿಯರುಗಳು ಮೊದಲೇ ಮಾಡಿಟ್ಟಿದ್ದಾರೆ, ಅಷ್ಟೆ. ಅದನ್ನು ಮರಳಿ ಪಡೆಯುವುದು ಕಷ್ಟವೇನಲ್ಲ, ಷಟರಿನ ವೇಗವನ್ನು ನಾವೇ ಹೊಂದಿಸುವ ಅವಕಾಶ ಹಲವು ಮೊಬೈಲುಗಳಲ್ಲಿದೆ. ಮಳೆಗಾಲದಲ್ಲಿ ಜೋಗಕ್ಕೆ ಹೋದರೆ, ಮೋಡ ಕವಿದ ಹೊತ್ತಿನಲ್ಲಿ ಮೊಬೈಲನ್ನು ಅಲುಗದಂತೆ ಸ್ಟ್ಯಾಂಡಿಗೆ ಸಿಕ್ಕಿಸಿ, ಒಮ್ಮೆ ಸೆಕೆಂಡಿನ ಐನೂರನೇ ಒಂದು ಭಾಗಕ್ಕೆ, ಇನ್ನೊಮ್ಮೆ ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಫಿಲ್ಟರ್ ಇಟ್ಟು ಅರ್ಧ ಸೆಕೆಂಡಿಗೆ ಷಟರು ಹೊಂದಿಸಿ ಫೋಟೊ ತೆಗೆಯಿರಿ. ಮೊದಲನೆಯದರಲ್ಲಿ ನೀರು ಹನಿಹನಿಯಾಗಿ ಸಿಡಿದಿರುತ್ತದೆ, ಎರಡನೆಯದರಲ್ಲಿ ಹಿಂಜಿದ ಹತ್ತಿಯಂತೆ ಇಳಿದಿರುತ್ತದೆ. ಯಾವುದನ್ನು ಇಟ್ಟುಕೊಳ್ಳಬೇಕೆಂದು ನೀವೇ ತೀರ್ಮಾನಿಸಿ.