ಪರಿವಿಡಿಯ ರಾಜಕೀಯ: ಸಂಗೀತ ಪತ್ರಿಕೆಯ ಆ ಒಂದು ಪುಟ ಏನು ಹೇಳುತ್ತೆ?

ಪತ್ರಿಕೆಯ ಪರಿವಿಡಿಯನ್ನು ನಾವ್ಯಾರೂ ಕೂತು ಓದುವುದಿಲ್ಲ. ಕಣ್ಣು ಹಾಯಿಸಿ, ಬೇಕಾದ ಪುಟ ಸಂಖ್ಯೆ ಹುಡುಕಿ ಮುಂದೆ ಹೋಗ್ತೀವಿ. ಅದೊಂದು ಪಟ್ಟಿ, ಅಷ್ಟೇ ಅಲ್ವಾ? ಅಷ್ಟೇ ಅಲ್ಲ. ಈ ಸಂಚಿಕೆಯಲ್ಲಿ ಯಾರು ದೊಡ್ಡವರು, ಯಾರು ಪಕ್ಕವಾದ್ಯದವರು ಎಂಬ ಸಂಪಾದಕರ ತೀರ್ಮಾನ ಅಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ. ಗಮನ ಕೊಡದೆ ದಾಟಿಹೋಗುವುದರಿಂದಲೇ ಆ ತೀರ್ಮಾನ ಸಲೀಸಾಗಿ ನಮ್ಮ ತಲೆಯೊಳಗೂ ಇಳಿಯುತ್ತದೆ.

ಕಣ್ಣಿಗೆ ದಾರಿ ತೋರಿಸುವುದು ಯಾರು?

ರಾಕ್ ಅಥವಾ ಪಾಪ್ ಪತ್ರಿಕೆಯೊಂದರ ಪರಿವಿಡಿಯನ್ನು ನೆನಪಿಸಿಕೊಳ್ಳಿ. ಹೆಚ್ಚಿನ ಜಾಗ ಒಂದೇ ಒಂದು ಫೋಟೋಗೆ. ಸಾಮಾನ್ಯವಾಗಿ ಅದು ಮುಖಪುಟದ ಕಲಾವಿದರದ್ದೇ. ಅದರ ಮೇಲೆ ದಪ್ಪನೆಯ ಪುಟ ಸಂಖ್ಯೆ. ಸುತ್ತ ಎರಡು ಮೂರು ಚಿಕ್ಕ ಚಿತ್ರಗಳು. ಉಳಿದ ಹತ್ತಾರು ಹೆಸರುಗಳು ಅಂಚಿನ ಕಾಲಂನಲ್ಲಿ, ಸಣ್ಣ ಅಕ್ಷರದಲ್ಲಿ.

ಕಣ್ಣು ಮೊದಲು ಮುಖಕ್ಕೆ ಹೋಗುತ್ತೆ, ಆಮೇಲೆ ಅಂಕಿಗೆ, ಕೊನೆಗೆ ಅಕ್ಷರಕ್ಕೆ. ಮುಖಪುಟದ ಬಣ್ಣವನ್ನೇ ಒಳಗೂ ಬಳಸಿದರೆ ಮುಖಪುಟ ಮಾಡಿದ ಪ್ರಚಾರ ಇಲ್ಲೂ ಮುಂದುವರಿಯುತ್ತದೆ. ಕ್ಯಾಮೆರಾವನ್ನೇ ದಿಟ್ಟಿಸುವ ಗಾಯಕ ‘ನನ್ನ ಮಾತು ಕೇಳು’ ಅಂತಾನೆ. ಗಾಯಕಿಯ ಮುಖಕ್ಕಿಂತ ಮೈಗೇ ಹೆಚ್ಚು ಜಾಗ ಕೊಟ್ಟರೆ ಅಲ್ಲಿ ಮಾತಿಗಿಂತ ಮೈ ಮುಖ್ಯವಾಯಿತು ಎಂದರ್ಥ. ಲೇಖನದ ಒಂದು ಸಾಲನ್ನೂ ಓದುವ ಮೊದಲೇ ಇಷ್ಟೆಲ್ಲ ಆಗಿಹೋಗಿರುತ್ತೆ.

ಒಡೆದುಹೋದ ಒಂದು ಪದ

ಇದನ್ನು ಬಯಲಿಗೆಳೆದ ಪ್ರಸಿದ್ಧ ಪ್ರಯೋಗ ನಡೆದದ್ದು ಬ್ರಿಟನ್ನಿನಲ್ಲಿ. ನಿಕ್ ಲೋಗನ್ 1980ರಲ್ಲಿ ‘ದಿ ಫೇಸ್’ ಎಂಬ ಮಾಸಿಕ ಶುರು ಮಾಡಿದರು. ಮೊದಲ ಸಂಚಿಕೆಯ ಮುಖಪುಟದಲ್ಲಿದ್ದವರು ಜೆರ್ರಿ ಡ್ಯಾಮರ್ಸ್. ಕಪ್ಪು ಮತ್ತು ಬಿಳಿಯ ಹುಡುಗರು ಒಟ್ಟಿಗೆ ನುಡಿಸುತ್ತಿದ್ದ ‘ದಿ ಸ್ಪೆಷಲ್ಸ್’ ತಂಡ ಕಟ್ಟಿದವರು, ಮುಂದೆ 1984ರಲ್ಲಿ ಮಂಡೇಲಾ ಬಿಡುಗಡೆಗೆ ಒತ್ತಾಯಿಸುವ ಹಾಡು ಬರೆದವರು.

ಈ ಪತ್ರಿಕೆಗೆ ಕಲಾ ನಿರ್ದೇಶಕರಾಗಿ ಬಂದ ನೆವಿಲ್ ಬ್ರೋಡಿ 1984ರಲ್ಲಿ ಒಂದು ವಿಚಿತ್ರ ಕೆಲಸ ಮಾಡಿದರು. ಪರಿವಿಡಿ ಪುಟದ ನೆತ್ತಿಯ ಮೇಲಿನ ‘ಕಂಟೆಂಟ್ಸ್’ ಎಂಬ ಪದವನ್ನು ಸಂಚಿಕೆಯಿಂದ ಸಂಚಿಕೆಗೆ ಸ್ವಲ್ಪಸ್ವಲ್ಪವೇ ಒಡೆಯುತ್ತಾ ಹೋದರು. ಕೊನೆಗೆ ಅಕ್ಷರಗಳೇ ಇಲ್ಲ, ಒಂದಿಷ್ಟು ಆಕಾರಗಳು ಮಾತ್ರ ಉಳಿದವು. ಆದರೂ ಅದು ಪರಿವಿಡಿ ಎಂಬುದು ಓದುಗರಿಗೆ ಗೊತ್ತಾಗುತ್ತಿತ್ತು! ಅಂದರೆ ನಾವು ಆ ಪದವನ್ನು ಓದುತ್ತಲೇ ಇರಲಿಲ್ಲ. ಅದು ಕೂತಿದ್ದ ಜಾಗ ಮತ್ತು ರೂಪವನ್ನು ಅಭ್ಯಾಸಬಲದಿಂದ ಗುರುತಿಸುತ್ತಿದ್ದೆವು.

ಅದು ಥ್ಯಾಚರ್ ಆಡಳಿತದ ಕಾಲ, ಗಣಿ ಕಾರ್ಮಿಕರ ದೊಡ್ಡ ಮುಷ್ಕರದ ವರ್ಷ. ಬ್ರೋಡಿ ಅದೇ ಪತ್ರಿಕೆಗಾಗಿ ರೂಪಿಸಿದ ಒಂದು ಅಕ್ಷರಶೈಲಿಯಲ್ಲಿ ಸರ್ವಾಧಿಕಾರದ ಬಿಗುವು ಬೇಕೆಂದೇ ಇತ್ತು. 1930ರ ದಶಕಕ್ಕೂ ತಮ್ಮ ಕಾಲಕ್ಕೂ ಇರುವ ಹೋಲಿಕೆ ಕಾಣಿಸುವುದು ಅವರ ಉದ್ದೇಶವಾಗಿತ್ತು. ಆದರೆ ಆಮೇಲೆ ಆದದ್ದೇನು? ಜಾಹೀರಾತಿನವರು, ಅಂಗಡಿಯವರು ಆ ಶೈಲಿಯನ್ನೇ ಎತ್ತಿಕೊಂಡರು. ಬಂಡಾಯದ ಅರ್ಥ ಬಿಟ್ಟು ಅದರ ರೂಪವನ್ನಷ್ಟೇ ಮಾರುಕಟ್ಟೆ ಮಾರಿಕೊಂಡಿತು. 1986ರಲ್ಲಿ ‘ಅರೀನಾ’ ಪತ್ರಿಕೆಗೆ ಹೋದಾಗ ಬ್ರೋಡಿ ಎಲ್ಲ ಕಸರತ್ತು ಬಿಟ್ಟು ಸಾದಾ ಹೆಲ್ವೆಟಿಕಾ ಅಕ್ಷರಕ್ಕೆ ಮರಳಿದ್ದು ಇದಕ್ಕೆ ಪ್ರತಿಕ್ರಿಯೆಯಾಗಿಯೇ.

ಪಟ್ಟಿಯಲ್ಲಿ ಇಲ್ಲದವರು

ವಿನ್ಯಾಸ ಎಷ್ಟೇ ಕ್ರಾಂತಿಕಾರಿಯಾಗಿರಲಿ, ಅದು ಪಟ್ಟಿಯಲ್ಲಿ ಇರುವವರನ್ನು ಮಾತ್ರ ಹಿಗ್ಗಿಸಬಲ್ಲದು, ಕುಗ್ಗಿಸಬಲ್ಲದು. ಪಟ್ಟಿಗೇ ಬಾರದವರ ಕತೆ? 1967ರಲ್ಲಿ ಅಮೆರಿಕದಲ್ಲಿ ಶುರುವಾದ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಸಹ ಸಂಸ್ಥಾಪಕ ಯಾನ್ ವೆನ್ನರ್ 2023ರಲ್ಲಿ ರಾಕ್ ಸಂಗೀತದ ದಿಗ್ಗಜರ ಸಂದರ್ಶನಗಳ ಪುಸ್ತಕವೊಂದನ್ನು ತಂದರು. ಅದರ ಪರಿವಿಡಿಯಲ್ಲಿ ಇದ್ದದ್ದು ಏಳು ಹೆಸರು. ಏಳೂ ಬಿಳಿಯ ಗಂಡಸರದ್ದು. ಯಾಕೆ ಹೀಗೆ ಅಂತ ಕೇಳಿದ್ದಕ್ಕೆ, ಕಪ್ಪು ಕಲಾವಿದರು ಮತ್ತು ಮಹಿಳೆಯರು ಆ ಮಟ್ಟದಲ್ಲಿ ಮಾತನಾಡಬಲ್ಲವರಲ್ಲ ಎಂಬ ಅರ್ಥದ ಉತ್ತರ ಕೊಟ್ಟರು. ಅದರ ಬೆನ್ನಿಗೇ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ಪ್ರತಿಷ್ಠಾನ ಅವರನ್ನು ತನ್ನ ಆಡಳಿತ ಮಂಡಳಿಯಿಂದ ತೆಗೆಯಿತು. ಅವರು ಕ್ಷಮೆಯನ್ನೂ ಕೇಳಿದರು.

ಬ್ಲೂಸ್ ಎಂಬ ಕಪ್ಪು ಜನರ ಸಂಗೀತದಿಂದಲೇ ಹುಟ್ಟಿದ್ದು ರಾಕ್. ಅದರ ‘ದಿಗ್ಗಜರ’ ಪಟ್ಟಿಯಲ್ಲಿ ಒಬ್ಬ ಕಪ್ಪು ಕಲಾವಿದರೂ ಇಲ್ಲ ಎಂದರೆ ಅದನ್ನು ಆಕಸ್ಮಿಕ ಎನ್ನಲಾದೀತೇ?

ಈಗ ಮುದ್ರಿತ ಸಂಗೀತ ಪತ್ರಿಕೆ ಕೊಳ್ಳುವವರು ಕಡಿಮೆ, ನಿಜ. ಆದರೆ ಪರಿವಿಡಿ ಎಲ್ಲಿಗೂ ಹೋಗಿಲ್ಲ. ಹಾಡು ಕೇಳುವ ಆಪ್ ತೆರೆದಾಗ ಬರುವ ಮೊದಲ ಪರದೆಯೂ ಪರಿವಿಡಿಯೇ. ಅಲ್ಲೂ ಒಂದು ದೊಡ್ಡ ಚಿತ್ರ, ಕೆಳಗೆ ಸಣ್ಣ ಚೌಕಗಳು, ಬೆರಳು ಸರಿಸಿದರಷ್ಟೇ ಸಿಗುವ ಉಳಿದವರು. ಪತ್ರಿಕೆಯಲ್ಲಿ ಕನಿಷ್ಠ ಸಂಪಾದಕರ ಹೆಸರಾದರೂ ಅಚ್ಚಾಗಿರುತ್ತಿತ್ತು, ಬೈದು ಪತ್ರ ಬರೆಯಬಹುದಿತ್ತು. ಇಲ್ಲಿ ಆ ದೊಡ್ಡ ಚೌಕವನ್ನು ಯಾರು, ಯಾಕೆ ಅಲ್ಲಿಟ್ಟರು ಅಂತ ಕೇಳೋದು ಯಾರನ್ನ?

ಮುಂದಿನ ಸಲ ಆಪ್ ತೆರೆದಾಗ ಹಾಡು ಒತ್ತುವ ಮೊದಲು ಒಂದು ಕ್ಷಣ ನಿಂತು ನೋಡಿ. ದೊಡ್ಡ ಚಿತ್ರ ಯಾರದ್ದು? ಹೆಸರು ಮಾತ್ರ ಇದ್ದು ಮುಖವಿಲ್ಲದವರು ಯಾರು? ಹೆಸರೂ ಇಲ್ಲದವರು ಯಾರು?