ದುಬಾರಿ ಜಾಲರಿ ಬೇಕಿಲ್ಲ

ಬೆಟ್ಟದಪುರ, ಪಿರಿಯಾಪಟ್ಟಣ, ಹುಣಸೂರಿನ ಕಡೆ ಹೊಗೆಸೊಪ್ಪು ಹದಮಾಡುವ ಕಾಲ ಬಂತೆಂದರೆ ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಹೊರಬೇಕು, ಆಮೇಲೆ ಬೇಲು ಎತ್ತಿ ಹರಾಜಿಗೆ ಸಾಗಿಸಬೇಕು. ಹಾಗೆ ಎತ್ತುವಾಗ ತೊಡೆಸಂದಿನಲ್ಲಿ ಉಬ್ಬೊಂದು ಕಾಣಿಸಿಕೊಳ್ಳುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ನಾಚಿಕೆಯಿಂದ ವರ್ಷಗಟ್ಟಲೆ ಯಾರಿಗೂ ಹೇಳದವರಿದ್ದಾರೆ. ಇದೇ ಹರ್ನಿಯಾ. ನಾಲ್ವರು ಗಂಡಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಇದು ಬರಬಹುದು. ಭಾರವೊಂದೇ ಕಾರಣವಲ್ಲ. ಹುಟ್ಟುವ ಮುಂಚೆ ವೃಷಣ ಹೊಟ್ಟೆಯಿಂದ ಕೆಳಗಿಳಿದು ಬಂದ ದಾರಿ ಕೊನೆಯವರೆಗೂ ದುರ್ಬಲ ಜಾಗವಾಗಿಯೇ ಉಳಿಯುತ್ತದೆ. ಹಳೆಯ ಕೆಮ್ಮು ಅದರ ಮೇಲೆ ಒತ್ತಡ ಹಾಕುತ್ತದೆ, ಬೀಡಿ ಸಿಗರೇಟು ಅಲ್ಲಿನ ಕೊಲಾಜೆನ್ ನಾರನ್ನೇ ಸಡಿಲಗೊಳಿಸುತ್ತದೆ.

ಇದನ್ನು ಸರಿಪಡಿಸಲು ಇಟಲಿಯ ಸರ್ಜನ್ ಬಸ್ಸೀನಿ 1887ರಲ್ಲಿ ಸ್ನಾಯುಗಳನ್ನು ಎಳೆದು ಹೊಲಿಯುವ ವಿಧಾನ ತಂದರು. ಎಳೆದು ಹೊಲಿದದ್ದು ಎಷ್ಟೋ ಜನರಲ್ಲಿ ಮತ್ತೆ ಬಿಟ್ಟುಕೊಳ್ಳುತ್ತಿತ್ತು. 1980ರ ದಶಕದಲ್ಲಿ ಅಮೆರಿಕದ ಸರ್ಜನ್ ಲಿಕ್ಟೆನ್‌ಸ್ಟೈನ್ ಎಳೆಯುವುದನ್ನೇ ಬಿಟ್ಟು, ದುರ್ಬಲ ಜಾಗಕ್ಕೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಜಾಲರಿ ಹೊದಿಸತೊಡಗಿದರು. ಸುಮಾರು 15 ಸೆಂ.ಮೀ. ಉದ್ದದ ಬಿಳಿ ಬಲೆ ಅದು. ಸರ್ಜನ್ ಅದರ ಒಂದು ತುದಿಯನ್ನು ಕತ್ತರಿಯಿಂದ ಸೀಳಿ, ಎರಡು ಬಾಲಗಳ ನಡುವೆ ವೀರ್ಯನಾಳ ಮತ್ತು ರಕ್ತನಾಳಗಳ ಕಟ್ಟನ್ನು ಹಾಯಿಸಿ, ಬಾಲಗಳನ್ನು ಒಂದರ ಮೇಲೊಂದು ತಂದು ಹೊಲಿಯುತ್ತಾರೆ. ವಾರಗಳು ಕಳೆದಂತೆ ಬಲೆಯ ಕಣ್ಣುಗಳೊಳಗೆ ದೇಹದ ನಾರು ಬೆಳೆದು ಗೋಡೆ ಗಟ್ಟಿಯಾಗುತ್ತದೆ.

ಈ ಪ್ಲಾಸ್ಟಿಕ್ ದೇಹದಲ್ಲಿ ಕೊನೆಯವರೆಗೂ ಉಳಿಯುತ್ತದೆ. ಸುಮಾರು ಹತ್ತರಲ್ಲಿ ಒಬ್ಬರಿಗೆ ತಿಂಗಳುಗಟ್ಟಲೆ ನೋವು ಕಾಡುತ್ತದೆ. ಹಾಗಾಗಿ ಪ್ಲಾಸ್ಟಿಕ್ಕಿಗೆ ಪರ್ಯಾಯವಾಗಿ ಜೈವಿಕ ಜಾಲರಿ ಬಂತು. ಹಂದಿಯ ಕರುಳಿನ ಪದರ ಅಥವಾ ಚರ್ಮ, ದನದ ಹೃದಯದ ಹೊರಪೊರೆ, ದಾನವಾಗಿ ಬಂದ ಮನುಷ್ಯ ಚರ್ಮ ಇವುಗಳಲ್ಲಿನ ಜೀವಕೋಶಗಳನ್ನೆಲ್ಲ ತೊಳೆದು ಕೊಲಾಜೆನ್ ಹಂದರವನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಅವರೆಬಳ್ಳಿಗೆ ಚಪ್ಪರ ಹಾಕಿದ ಹಾಗೆ: ನಮ್ಮ ಅಂಗಾಂಶ ಹಬ್ಬುವಷ್ಟು ಕಾಲ ಅದು ಆಸರೆಯಾಗಿದ್ದು, ನಿಧಾನವಾಗಿ ಕರಗಬೇಕು. ಇಂಥದ್ದನ್ನು ಹಾಕುವ ಮೊದಲು ಯಾವ ಪ್ರಾಣಿಯದು ಎಂದು ಕೇಳುವ ಹಕ್ಕು ರೋಗಿಗಿದೆ, ರೋಗಿ ಕೇಳದಿದ್ದರೂ ವೈದ್ಯರು ಹೇಳಬೇಕು.

ಕಲ್ಪನೆ ಚೆನ್ನಾಗಿದೆ, ಫಲ ಅಷ್ಟು ಬಂದಿಲ್ಲ. ತೊಡೆಸಂದಿನ ಹರ್ನಿಯಾದಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ, ಹರ್ನಿಯಾ ಮರುಕಳಿಸುವುದಾಗಲಿ ದೀರ್ಘಕಾಲದ ನೋವಾಗಲಿ ಜೈವಿಕ ಜಾಲರಿಯಿಂದ ಕಡಿಮೆಯಾದದ್ದು ಸಾಬೀತಾಗಿಲ್ಲ. ಗಾಯದಲ್ಲಿ ನೀರು ತುಂಬಿಕೊಳ್ಳುವುದು ತುಸು ಹೆಚ್ಚೇ. ಸೋಂಕಿನ ಭಯವಿರುವ ಕಡೆ ಇದೇ ಮೇಲು ಎಂಬ ನಂಬಿಕೆಯೂ ಅಲುಗಾಡಿದೆ. ಹೊಟ್ಟೆಯ ಮುಂಭಾಗದ ಹರ್ನಿಯಾ ಇದ್ದ 253 ಜನರ ಮೇಲೆ ಅಮೆರಿಕದಲ್ಲಿ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷದೊಳಗೆ ಹರ್ನಿಯಾ ಮರಳಿದ್ದು ಜೈವಿಕ ಜಾಲರಿಯವರಲ್ಲಿ ಶೇ. 20.5, ಪ್ಲಾಸ್ಟಿಕ್‌ನವರಲ್ಲಿ ಶೇ. 5.6. ಅಲ್ಲಿ ಜೈವಿಕ ಜಾಲರಿಯ ಬೆಲೆ ಮಾತ್ರ ಇನ್ನೂರು ಪಟ್ಟು!

ಅಗ್ಗದ ದಾರಿಯನ್ನು ತೋರಿಸಿದ್ದು ನಮ್ಮ ನೆರೆರಾಜ್ಯ. ಮಹಾರಾಷ್ಟ್ರದ ದೊಂಡಾಯಿಚಾದ ಡಾ. ರವೀಂದ್ರನಾಥ ಟೋಂಗಾಂವ್ಕರ್ ಸೊಳ್ಳೆಪರದೆಯ ಬಟ್ಟೆಯನ್ನೇ ಕ್ರಿಮಿಶುದ್ಧಿ ಮಾಡಿ ಜಾಲರಿಯಾಗಿ ಬಳಸಿದರು. ಮುಂದೆ ಉಗಾಂಡಾದಲ್ಲಿ 302 ಗಂಡಸರ ಮೇಲೆ ಅಂಥ ಬಟ್ಟೆಯನ್ನು ಕಂಪನಿ ಜಾಲರಿಯೊಂದಿಗೆ ಹೋಲಿಸಲಾಯಿತು. 2016ರಲ್ಲಿ ಫಲಿತಾಂಶ ಪ್ರಕಟವಾದಾಗ, ಒಂದು ವರ್ಷದಲ್ಲಿ ಸೊಳ್ಳೆಪರದೆಯವರಲ್ಲಿ ಹರ್ನಿಯಾ ಮರುಕಳಿಸಿದ್ದು ಒಬ್ಬರಿಗೆ, ಕಂಪನಿ ಜಾಲರಿಯವರಲ್ಲಿ ಯಾರಿಗೂ ಇಲ್ಲ. ಹಾಗಾಗಿ ದುಬಾರಿ ಜಾಲರಿಗೆಂದು ಯಾರೂ ಸಾಲ ಮಾಡಬಾರದು, ದುಡ್ಡಿಲ್ಲವೆಂದು ಆಪರೇಷನ್ ಮುಂದೂಡಲೂಬಾರದು.

ಮುಂದೂಡುತ್ತಾ ಹೋದವರಲ್ಲಿ ಕೆಲವರಿಗೆ ಕರುಳು ಸಿಕ್ಕಿಹಾಕಿಕೊಳ್ಳುತ್ತದೆ. ಉಬ್ಬು ಗಟ್ಟಿಯಾಗಿ ಒಳಗೆ ಹೋಗದೆ, ನೋವು ಏರಿ, ವಾಂತಿ ಶುರುವಾದರೆ ರಕ್ತ ಹರಿಯದೆ ಕರುಳು ಕೆಲವೇ ಗಂಟೆಗಳಲ್ಲಿ ಕೊಳೆಯಬಹುದು. ಆಗ ಉಬ್ಬನ್ನು ಒತ್ತಿ ನೂಕುತ್ತಾ ಬೆಳಗಾಗಲೆಂದು ಕೂರದೆ, ಆಪರೇಷನ್ ಮಾಡುವ ಆಸ್ಪತ್ರೆ ಹುಣಸೂರಿನಲ್ಲಿರಲಿ ಮೈಸೂರಿನಲ್ಲಿರಲಿ, ಸಿಕ್ಕಿದ ಗಾಡಿ ಹತ್ತಿ ಹೊರಡಬೇಕು.