ಹದಿನೈದು ಸೆಕೆಂಡಿನಲ್ಲಿ ಒಂದು ವಾಕ್ಯ

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿ ಕಡೆ ಹೊರಳಿದರೆ ಸುಗ್ಗಿಯಲ್ಲಿ ಮೆಣಸಿನಕಾಯಿ ಘಾಟು ಮೂಗಿಗೆ ಬಡಿಯುತ್ತದೆ. ಮಾರುಕಟ್ಟೆಯ ಖರೀದಿದಾರ ಚೀಲಕ್ಕೆ ಕೈ ಹಾಕಿ ಹಿಡಿ ಕಾಯಿ ತೆಗೆಯುತ್ತಾನೆ, ಬಣ್ಣ ನೋಡುತ್ತಾನೆ, ಸುಕ್ಕು ನೋಡುತ್ತಾನೆ, ಒಂದನ್ನು ಮುರಿದು ದರ ಬರೆಯುತ್ತಾನೆ. ಕಾಯಿಗೆ ಮುಚ್ಚಿಡುವುದು ಗೊತ್ತಿಲ್ಲ. ಮನುಷ್ಯನಿಗೆ ಗೊತ್ತು.

ನಮ್ಮ ಕಡೆಯ ಹುಡುಗನೊಬ್ಬ ಸೈನ್ಯದಲ್ಲಿ ಅಧಿಕಾರಿಯಾಗಬೇಕೆಂದು ಬೆಂಗಳೂರಿನ ಆಯ್ಕೆ ಮಂಡಳಿ ಎಸ್‌ಎಸ್‌ಬಿಗೆ ಹೋಗಿ ಬಂದ. ಐದು ದಿನದ ಪರೀಕ್ಷೆ. ಬಂದವನೇ ಹೇಳಿದ: "ಮನಸ್ಸು ಓದಿದವ್ರ ಮುಖಾನ ನೋಡ್ಲಿಲ್ರಿ ಕಾಕಾ."

ಮನಸ್ಸು ಓದುವ ಈ ಕಸುಬಿನ ಸೊಗಸು ಅಲ್ಲೇ ಇದೆ. ಅಲ್ಲಿ ಅಭ್ಯರ್ಥಿಯನ್ನು ಮೂವರು ಮೂರು ದಾರಿಯಿಂದ ಅಳೆಯುತ್ತಾರೆ. ಒಬ್ಬರು ಮೈದಾನದಲ್ಲಿ ಹಗ್ಗ, ಹಲಗೆ ಕೊಟ್ಟು ನೋಡುತ್ತಾರೆ. ಇನ್ನೊಬ್ಬರು ಎದುರು ಕೂಡಿಸಿ ಮಾತಾಡಿಸುತ್ತಾರೆ. ಮನಶ್ಶಾಸ್ತ್ರಜ್ಞರ ಮುಂದೆ ಮಾತ್ರ ಒಂದು ಚೆಸ್ಟ್ ನಂಬರು, ಒಂದು ಕಟ್ಟು ಕಾಗದ. ಮನಸಾ, ವಾಚಾ, ಕರ್ಮಣಾ ಎಂದು ಸೈನ್ಯದವರೇ ಇದನ್ನು ಕರೆಯುತ್ತಾರೆ. ಮೂವರೂ ತಮ್ಮ ತಮ್ಮ ಲೆಕ್ಕ ಮುಗಿಸುವ ತನಕ ಒಬ್ಬರದನ್ನೊಬ್ಬರು ಕೇಳುವಂತಿಲ್ಲ. 1943ರಲ್ಲಿ ಡೆಹರಾಡೂನ್‌ನಲ್ಲಿ ಬ್ರಿಟಿಷರು ಶುರುಮಾಡಿದ ಪದ್ಧತಿ, ಈಗಲೂ ಬೇರು ಅದೇ.

ಕಾಗದದ ಕಟ್ಟಿನಲ್ಲಿ ಏನಿರುತ್ತದೆ? ಪರದೆಯ ಮೇಲೆ ಒಂದು ಚಿತ್ರ ಮೂವತ್ತು ಸೆಕೆಂಡು ಬಂದು ಹೋಗುತ್ತದೆ, ನಾಲ್ಕು ನಿಮಿಷದಲ್ಲಿ ಕಥೆ ಬರೆಯಬೇಕು. ಇಂಥವು ಹನ್ನೆರಡು, ಕೊನೆಯದು ಬರೀ ಖಾಲಿ ಪರದೆ. ಆಮೇಲೆ ಅರವತ್ತು ಪದ, ಒಂದೊಂದಕ್ಕೆ ಹದಿನೈದು ಸೆಕೆಂಡು, ಮನಸ್ಸಿಗೆ ಬಂದ ವಾಕ್ಯ. ಆಮೇಲೆ ಅರವತ್ತು ಸನ್ನಿವೇಶ, ಅರ್ಧ ಗಂಟೆ. ಕಡೆಗೆ ಅಪ್ಪ-ಅಮ್ಮ, ಮೇಷ್ಟ್ರು, ಗೆಳೆಯರು ನಿನ್ನನ್ನು ಏನಂತಾರೆ ಎಂಬ ಬರಹ.

'ಕತ್ತಲೆ' ಎಂಬ ಪದ ಬಂತೆನ್ನಿ. ಕೋಚಿಂಗ್ ಮುಗಿಸಿದವನು "ಕತ್ತಲೆ ಧೈರ್ಯ ಬೆಳೆಸುತ್ತದೆ" ಎಂದು ಬರೆದಾನು. ಇನ್ನೊಬ್ಬ "ಕರೆಂಟು ಹೋದರೆ ಮೊದಲು ಮೋಟರಿನ ಸ್ವಿಚ್ ಆರಿಸುತ್ತೇನೆ" ಎಂದಾನು. ಎರಡನೆಯವನು ಹೊಲದಲ್ಲಿ ರಾತ್ರಿ ಕಳೆದವನೆಂದು ನನಗೂ ತಿಳಿಯುತ್ತದೆ. ಆದರೆ ಪಳಗಿದ ಕಣ್ಣು ಅಷ್ಟಕ್ಕೇ ತೀರ್ಪು ಕೊಡುವುದಿಲ್ಲ. ಅದೇ ಹುಡುಗನ ಕಥೆಗಳಲ್ಲಿ ಕಷ್ಟ ಬಂದಾಗ ನಾಯಕ ತಾನೇ ಕೈಹಚ್ಚುತ್ತಾನೋ, ಯಾರೋ ಬಂದು ಬಗೆಹರಿಸುತ್ತಾರೋ ನೋಡುತ್ತದೆ. ಸನ್ನಿವೇಶಗಳಲ್ಲಿ ಅದೇ ಸ್ವಭಾವ ಮತ್ತೆ ತಲೆಹಾಕಿತೋ ಎಂದು ಹುಡುಕುತ್ತದೆ. ಒಂದು ವಾಕ್ಯದಲ್ಲಿ ವೇಷ ಹಾಕಬಹುದು. ನೂರಾಮೂವತ್ತು ಉತ್ತರಗಳಲ್ಲಿ ವೇಷ ಉಳಿಸಿಕೊಳ್ಳಲು ಗಡಿಯಾರ ಬಿಡುವುದಿಲ್ಲ. ಒಂದೇ ತಕರಾರು: ಉತ್ತರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಆಗಬೇಕು. ಕನ್ನಡದಲ್ಲಿ ಯೋಚಿಸುವವನಿಗೆ ಹದಿನೈದರಲ್ಲಿ ಐದು ಸೆಕೆಂಡು ಭಾಷೆ ದಾಟುವುದಕ್ಕೇ ಹೋಗುತ್ತದೆ.

ಇದೇ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದರು. ಆ ಪಡೆಗೆ ಜನರನ್ನು ಆರಿಸುವಾಗ ಸಾಬರಮತಿ ಆಶ್ರಮದ ದಿನಚರಿಯೇ ಪರೀಕ್ಷೆ: ನಸುಕಿನ ಪ್ರಾರ್ಥನೆ, ಚರಕ, ಕಕ್ಕಸು ತೊಳೆಯುವುದು. ಹಾಗೆ ಜೊತೆಗಿಟ್ಟುಕೊಂಡು ನೋಡುವ ಪುರುಸೊತ್ತು ಸೈನ್ಯಕ್ಕೆಲ್ಲಿ?

ಸುಳ್ಳು ಹಿಡಿಯುವ ಯಂತ್ರ ಹಚ್ಚಬಾರದೇಕೆ ಎಂದು ಹಲವರು ಕೇಳುತ್ತಾರೆ. ಎದೆ, ಹೊಟ್ಟೆಗೆ ಕೊಳವೆ, ತೋಳಿಗೆ ಬಿಪಿ ಪಟ್ಟಿ, ಬೆರಳಿಗೆ ಬೆವರು ಅಳೆಯುವ ತಗಡು. ನನ್ನ ಲೆಕ್ಕದಲ್ಲಿ ಪಾಲಿಗ್ರಾಫ್ ಒರಟು ಸಾಮಾನು, ಅದಕ್ಕೆ ಸಿಗುವುದು ಗಾಬರಿ. ಅಮೆರಿಕದ ಸಿಐಎ ನೌಕರಿಗೆ ಬರುವವರನ್ನು ಇದಕ್ಕೆ ಕೂಡಿಸುತ್ತದೆ. ಅಲ್ಲೇ ಕೆಲಸದಲ್ಲಿದ್ದು ಸೋವಿಯತ್ ಒಕ್ಕೂಟಕ್ಕೆ ಗುಟ್ಟು ಮಾರುತ್ತಿದ್ದ ಆಲ್ಡ್ರಿಚ್ ಏಮ್ಸ್ 1986ರಲ್ಲೂ 1991ರಲ್ಲೂ ಅದನ್ನು ದಾಟಿಕೊಂಡ. ನಮ್ಮಲ್ಲಿ ಅದು ಅಪರಾಧ ತನಿಖೆಯ ಸಾಧನ, ಅಲ್ಲೂ ಒಪ್ಪಿಗೆಯಿಲ್ಲದೆ ಯಾರಿಗೂ ಹಚ್ಚುವಂತಿಲ್ಲ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ಹಾಗೆಂದಿತು.

ಎಸ್‌ಎಸ್‌ಬಿಯಲ್ಲಿ ಐದನೆಯ ದಿನ ಇಡೀ ಮಂಡಳಿ ಕೂತಿರುವಾಗ ಅಭ್ಯರ್ಥಿಗಳನ್ನು ಒಬ್ಬೊಬ್ಬರನ್ನೇ ಒಳಗೆ ಕರೆದು ಒಂದೆರಡು ಮಾತಾಡಿ ಕಳಿಸುತ್ತಾರೆ. ಮನಶ್ಶಾಸ್ತ್ರಜ್ಞರೂ ಅಲ್ಲಿರುತ್ತಾರೆ. ಇದನ್ನು ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾರ ಒಬ್ರು ಏನೂ ಕೇಳ್ಲಾರದ ಕಾಗದ ತಿರುವ್ಯಾಡ್ತಿದ್ರು. ನಾ ಹೊರಗ ಬರೂ ಮುಂದ ಒಮ್ಮೆ ತಲಿ ಎತ್ತಿ ನೋಡಿದ್ರು."